ಹಳೆಯ ಎಂಜಿನ್ನಿನ ನೀರಿನ ದಾರಿ

ಒಂದೇ ಹೆಸರಿನ ಎಂಜಿನ್ ಇಪ್ಪತ್ತು ಮೂವತ್ತು ವರ್ಷ ತಯಾರಾಗುತ್ತ ಹೋದರೆ ಅದರೊಳಗಿನ ಪಿಸ್ಟನ್, ಕ್ರ್ಯಾಂಕ್‌ಗಳು ಹೆಚ್ಚು ಬದಲಾಗದೆ ಉಳಿಯಬಹುದು. ಅದನ್ನು ತಣ್ಣಗಿಡುವ ಸಾಮಾನುಗಳ ಕಥೆ ಹಾಗಲ್ಲ. ಬಾನೆಟ್ ತಗ್ಗಾದರೆ ರೇಡಿಯೇಟರ್ ಗಿಡ್ಡವಾಗಬೇಕು. ಡೈನಮೋ ಹೋಗಿ ಆಲ್ಟರ್ನೇಟರ್ ಬಂದರೆ ಬೆಲ್ಟ್ ಓಡುವ ಸಾಲು ಸರಿಯಬೇಕು. ಏರ್ ಕಂಡೀಷನರ್ ಸೇರಿಕೊಂಡರೆ ಫ್ಯಾನಿಗೆ ಇನ್ನಷ್ಟು ರೆಕ್ಕೆ ಬೇಕು. ಕಾರಿನಲ್ಲಿ ಎಲ್ಲೇ ಏನೇ ತಿದ್ದಿದರೂ ಅದರ ಭಾರ ಕೊನೆಗೆ ಬಂದು ಬೀಳುವುದು ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್, ಅದರ ಮುಚ್ಚಳ, ಹೋಸ್ ಪೈಪ್ ಮತ್ತು ಫ್ಯಾನಿನ ಮೇಲೆ. ಹಳೆಯ ಕಾರು ರಿಪೇರಿ ಮಾಡುವವರನ್ನು ಸತಾಯಿಸುವ ತೊಡಕು ಹುಟ್ಟುವುದೂ ಇಲ್ಲೇ. ಅಂಗಡಿಯಿಂದ ತಂದ ಭಾಗ ಬೋಲ್ಟುಗಳಿಗೆ ಸರಿಯಾಗಿ ಕೂರುತ್ತದೆ, ಎಂಜಿನ್ ಸ್ಟಾರ್ಟ್ ಆಗುತ್ತದೆ, ಹತ್ತು ಕಿಲೋಮೀಟರ್ ಹೋದ ಮೇಲೆ ನೀರು ಕುದಿಯತೊಡಗುತ್ತದೆ. ಭಾಗ ಹೊಸದು, ಕೆಲಸ ಅಚ್ಚುಕಟ್ಟು, ಆದರೂ ಅದು ಆ ಎಂಜಿನ್ನಿಗಾಗಿ ಮಾಡಿದ್ದಲ್ಲ.

ಆರ್‌ಸಿ ಪುಸ್ತಕದಲ್ಲಿರುವ ವರ್ಷವನ್ನು ಹೇಳಿ ಭಾಗ ಕೇಳುವುದು ಎಲ್ಲರ ರೂಢಿ. ಆ ವರ್ಷ ಕಾರಿನದು. ಬಾನೆಟ್ಟಿನ ಕೆಳಗಿರುವ ಎಂಜಿನ್ನಿನದು ಎನ್ನುವ ಖಾತ್ರಿಯಿಲ್ಲ. ನಮ್ಮ ಅಂಬಾಸಿಡರನ್ನೇ ನೋಡಬಹುದು. 1950ರ ದಶಕದ ಕೊನೆಯಲ್ಲಿ ಬಂದಾಗ ಅದರಲ್ಲಿದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್. ಸ್ವಲ್ಪ ಕಾಲದಲ್ಲೇ ಬ್ರಿಟನ್ನಿನ ಬಿಎಂಸಿ ಕಂಪನಿಯ ‘ಬಿ-ಸೀರೀಸ್’ ಬಳಗದ 1489 ಸಿಸಿ ಎಂಜಿನ್ ಅದರ ಜಾಗಕ್ಕೆ ಬಂತು. ಮುಂದೆ ಅದೇ ಬಳಗದ ಡೀಸೆಲ್ ಎಂಜಿನ್, 1990ರ ದಶಕದಲ್ಲಿ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಎಂಜಿನ್ ಸೇರಿಕೊಂಡವು. ಇದರ ಜೊತೆಗೆ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಂಡ ಟ್ಯಾಕ್ಸಿಗಳು ಎಷ್ಟೋ. ಹೊರಗಿನಿಂದ ನೋಡಿದರೆ ಎಲ್ಲವೂ ಅದೇ ದುಂಡು ಮೈಯ ಅಂಬಾಸಿಡರ್. ಹೀಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ‘ಅಂಬಾಸಿಡರ್ ವಾಟರ್ ಪಂಪ್ ಕೊಡಿ’ ಎಂದರೆ ಅದು ಅರ್ಧ ಪ್ರಶ್ನೆ ಮಾತ್ರ. ಉಳಿದರ್ಧಕ್ಕೆ ಎಂಜಿನ್ನನ್ನೇ ನೋಡಬೇಕು. ಸ್ಪಾರ್ಕ್ ಪ್ಲಗ್ಗುಗಳು ಚಪ್ಪಟೆ ಹೆಡ್ಡಿನ ನೆತ್ತಿಯ ಮೇಲೆ ನೆಟ್ಟಗೆ ನಿಂತಿದ್ದು, ಮೇಲೆ ರಾಕರ್ ಕವರೇ ಇಲ್ಲದಿದ್ದರೆ ಅದು ಸೈಡ್ ವಾಲ್ವ್. ಉದ್ದನೆಯ ತಗಡಿನ ರಾಕರ್ ಕವರಿದ್ದು, ಪ್ಲಗ್ಗುಗಳು ಪಕ್ಕದಿಂದ ಒಳಹೊಕ್ಕಿದ್ದರೆ ಬಿ-ಸೀರೀಸ್. ಹೆಡ್ಡು ಅಲ್ಯೂಮಿನಿಯಮ್ಮಿನದಾಗಿ ಅದರೊಳಗೇ ಕ್ಯಾಮ್ ತಿರುಗುತ್ತಿದ್ದರೆ ಇಸುಜು.

ಭಾಗಗಳನ್ನು ಗುರುತಿಸುವ ಮೊದಲು ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎನ್ನುವುದನ್ನು ಪತ್ತೆ ಮಾಡಿಕೊಳ್ಳಬೇಕು. ತೀರ ಹಳೆಯ ಕಾರುಗಳಲ್ಲಿ ಪಂಪೇ ಇರುತ್ತಿರಲಿಲ್ಲ. ಬಿಸಿನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಆ ಒಂದೇ ಗುಣದಿಂದ ನೀರು ತಾನಾಗಿ ಸುತ್ತುವ ಈ ಏರ್ಪಾಡಿಗೆ ಥರ್ಮೋಸೈಫನ್ ಎಂದು ಹೆಸರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ‘ಟಿ’ಯ ಮೊದಲ ಸುಮಾರು 2,500 ಕಾರುಗಳಿಗೆ ನೀರಿನ ಪಂಪ್ ಇತ್ತು. ಆಮೇಲೆ ಅದನ್ನು ತೆಗೆದುಹಾಕಿ 1927ರವರೆಗೂ ಥರ್ಮೋಸೈಫನ್ನಿನಲ್ಲೇ ಓಡಿಸಿದರು. ಹೊಸದಕ್ಕೆ ಪಂಪ್ ಇಲ್ಲ, ಹಳೆಯದಕ್ಕೆ ಇದೆ ಎನ್ನುವ ಈ ತಿರುಗುಮುರುಗು ಕಂಡು ಗೊಂದಲಪಡುವವರು ಈಗಲೂ ಇದ್ದಾರೆ. ಸಾಲದ್ದಕ್ಕೆ ಬೇರೆ ಕಂಪನಿಗಳು ಮಾಡೆಲ್ ‘ಟಿ’ಗೆ ಮೇಲಿಂದ ಜೋಡಿಸುವ ಪಂಪುಗಳನ್ನು ಮಾರುತ್ತಿದ್ದವು. ಆದ್ದರಿಂದ ಪಂಪ್ ಕಂಡ ಮಾತ್ರಕ್ಕೆ ಅದು ಮೊದಲ 2,500ರಲ್ಲಿ ಒಂದು ಎಂದು ಸಂಭ್ರಮಿಸುವಂತಿಲ್ಲ. ಥರ್ಮೋಸೈಫನ್ ಎಂಜಿನ್ನಿನ ಗುರುತು ಅದರ ಹೋಸುಗಳಲ್ಲಿದೆ: ತೀರ ದಪ್ಪ, ಒಂದೇ ಸಮನೆ ಏರಿಕೊಂಡು ಹೋಗುವ ಮೇಲಿನ ಕೊಳವೆ, ಎಂಜಿನ್ನಿಗಿಂತ ಎತ್ತರದಲ್ಲಿ ಕುಳಿತ ರೇಡಿಯೇಟರ್ ನೆತ್ತಿ. ನೂಕುವವರು ಯಾರೂ ಇಲ್ಲದ ಕಾರಣ ನೀರಿಗೆ ಎಲ್ಲೂ ಅಡ್ಡಿಯಾಗದಂತೆ ದಾರಿಯನ್ನು ಅಗಲ ಮಾಡಿದ್ದರು.

ಪಂಪ್ ಬಂದ ಮೇಲೂ ಅದನ್ನು ಎಲ್ಲಿ ಕೂರಿಸಬೇಕು ಎನ್ನುವುದು ಬೇಗ ತೀರ್ಮಾನವಾಗಲಿಲ್ಲ. ಇದಕ್ಕೆ ಫೋರ್ಡಿನ ಚಪ್ಪಟೆ ಹೆಡ್ಡಿನ ವಿ-8 ಎಂಜಿನ್ನಿಗಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ. 1932ರಲ್ಲಿ ಅದು ಬಂದಾಗ ಎರಡು ಪಂಪುಗಳು ಎರಡು ಹೆಡ್ಡುಗಳ ಮುಂತುದಿಯಲ್ಲಿದ್ದು, ಕಾದ ನೀರನ್ನು ಮೇಲಿನಿಂದ ಎಳೆದುಕೊಳ್ಳುತ್ತಿದ್ದವು. ಕುದಿಯುವ ಹಂತಕ್ಕೆ ಬಂದ ನೀರನ್ನು ಎಳೆಯಹೊರಟರೆ ಅದರಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪಂಪಿನೊಳಗೆ ತಿರುಗುವ ರೆಕ್ಕೆಚಕ್ರವಾದ ಇಂಪೆಲ್ಲರಿಗೆ ಹಿಡಿತ ತಪ್ಪುತ್ತದೆ. 1937ರಲ್ಲಿ ಪಂಪುಗಳನ್ನು ಬ್ಲಾಕಿನ ಮುಂಭಾಗಕ್ಕೆ ಇಳಿಸಿದರು. ಅವು ರೇಡಿಯೇಟರಿನ ತಳದ ತಣ್ಣೀರನ್ನು ಒಳಕ್ಕೆ ನೂಕತೊಡಗಿದವು. ಹೆಡ್ಡಿನಿಂದ ನೀರು ಹೊರಬೀಳುವ ಬಾಯಿ ಆಗಲೇ ಹೆಡ್ಡಿನ ನಡುಮಧ್ಯಕ್ಕೆ ಬಂತು. 1938ರಲ್ಲಿ ಪ್ರತಿ ಹೆಡ್ಡಿನ ಸ್ಟಡ್ಡುಗಳು 21ರಿಂದ 24ಕ್ಕೆ ಏರಿದವು. 1949ರ ‘8ಬಿಎ’ ಎಂಜಿನ್ನಿನಲ್ಲಿ ಆ ಬಾಯಿ ಮತ್ತೆ ಹೆಡ್ಡಿನ ಮುಂತುದಿಗೆ ಮರಳಿತು.

ಈ ಮೂರು ಸ್ಥಳಾಂತರಗಳು ಗೊತ್ತಿದ್ದರೆ ಆ ಎಂಜಿನ್ ಯಾವ ಕಾಲದ್ದೆಂದು ದೂರದಿಂದಲೇ ಹೇಳಬಹುದು. ಮೇಲಿನ ಹೋಸ್ ಹೆಡ್ಡಿಗೆ ಎಲ್ಲಿ ಸೇರುತ್ತದೆ? ಮುಂದೆ ಸೇರಿ, ಅಲ್ಲೇ ಪಂಪೂ ಇದ್ದರೆ 1932ರಿಂದ 36. ನಡುವೆ ಸೇರಿ 21 ಸ್ಟಡ್ಡುಗಳಿದ್ದರೆ 1937 ಅಥವಾ ಅದರ ಆಸುಪಾಸು. ನಡುವೆ ಸೇರಿ 24 ಇದ್ದರೆ 1938ರಿಂದ 48. ಮುಂದೆ ಸೇರಿ ಪಂಪ್ ಕೆಳಗಿದ್ದರೆ 1949ರಿಂದ 53. 24 ಸ್ಟಡ್ಡಿನ ಹಳೆಯ ಹೆಡ್ಡೂ 8ಬಿಎ ಹೆಡ್ಡೂ ಬೋಲ್ಟಿನ ಲೆಕ್ಕದಲ್ಲಿ ಹೊಂದಿಕೊಳ್ಳುವಂತೆ ಕಂಡರೂ ಒಳಗಿನ ನೀರಿನ ತೂತುಗಳು ಒಂದೇ ಕಡೆ ಇಲ್ಲ. ಗ್ಯಾಸ್ಕೆಟ್ಟನ್ನು ಮೊದಲು ಬ್ಲಾಕಿನ ಮೇಲಿಟ್ಟು, ಆಮೇಲೆ ಹೆಡ್ಡಿನ ಮೇಲಿಟ್ಟು, ಒಂದೊಂದೇ ತೂತನ್ನು ಕಣ್ಣಾರೆ ನೋಡಬೇಕು. 1937ರಿಂದ 48ರವರೆಗಿನ ಪಂಪುಗಳಿಗೆ ಇನ್ನೊಂದು ಹೊಣೆಯೂ ಇತ್ತು: ಎಂಜಿನ್ನಿನ ಮುಂಭಾಗವನ್ನು ಚಾಸಿಗೆ ಕೂರಿಸುವ ಪಾದಗಳು ಅವುಗಳ ಮೈಯಲ್ಲೇ ಇವೆ. ಪಂಪ್ ಬಿಚ್ಚುವ ಮೊದಲು ಎಂಜಿನ್ನಿಗೆ ಜ್ಯಾಕ್ ಕೊಡಬೇಕಾದ ಕಾರುಗಳಿವು.

ಅಮೆರಿಕದ ಇನ್ನೊಂದು ಎಂಜಿನ್, ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ-8, ಇನ್ನೂ ಸೂಕ್ಷ್ಮವಾಗಿ ದಾರಿ ತಪ್ಪಿಸುತ್ತದೆ. 1955ರಿಂದ 68ರವರೆಗಿನ ಪಂಪನ್ನು ‘ಶಾರ್ಟ್’ ಎಂದೂ 1969ರಿಂದ ಬಹುತೇಕ ಕಾರುಗಳಿಗೆ ಬಂದದ್ದನ್ನು ‘ಲಾಂಗ್’ ಎಂದೂ ಕರೆಯುತ್ತಾರೆ. ಬ್ಲಾಕಿಗೆ ಕೂರುವ ಬೋಲ್ಟುಗಳ ಜಾಗ ಎರಡಕ್ಕೂ ಒಂದೇ. ವ್ಯತ್ಯಾಸವಿರುವುದು ಮುಂದಕ್ಕೆ ಚಾಚಿದ ಮೂತಿಯಲ್ಲಿ: ಬ್ಲಾಕಿಗೆ ತಾಗುವ ಮುಖದಿಂದ ಪುಲ್ಲಿ ಕೂರುವ ಹಬ್ಬಿನ ಮುಖದವರೆಗೆ ಶಾರ್ಟ್ ಪಂಪ್ ಸುಮಾರು 143 ಮಿಲಿಮೀಟರ್, ಲಾಂಗ್ ಪಂಪ್ ಸುಮಾರು 176 ಮಿಲಿಮೀಟರ್. ಲಾಂಗ್ ಪಂಪ್ ಬಂದ ವರ್ಷವೇ ಆಲ್ಟರ್ನೇಟರನ್ನು ಚಾಲಕನ ಕಡೆಯಿಂದ ಪಕ್ಕದ ಸೀಟಿನ ಕಡೆಗೆ ಸರಿಸಿದರು. ಹಾಗಾಗಿ ಪಂಪ್ ಒಂದು ಕಾಲದ್ದು, ಕ್ರ್ಯಾಂಕಿನ ಪುಲ್ಲಿ ಇನ್ನೊಂದು ಕಾಲದ್ದಾದರೆ ಬೆಲ್ಟ್ ಓರೆಯಾಗಿ ಓಡಿ ಅಂಚು ಸವೆಯುತ್ತದೆ, ಇಲ್ಲವೇ ಫ್ಯಾನ್ ಹೋಗಿ ರೇಡಿಯೇಟರಿಗೆ ಬಡಿಯುತ್ತದೆ. ಕಾರ್ವೆಟ್ ಕಾರಿನಲ್ಲಿ ಶಾರ್ಟ್ ಪಂಪ್ 1969ರ ನಂತರವೂ ಮುಂದುವರಿದದ್ದರಿಂದ ವರ್ಷ ನೋಡಿ ಪಂಪ್ ಆರಿಸುವ ಸೂತ್ರ ಅಲ್ಲಿ ಕೈಕೊಡುತ್ತದೆ. ಹಬ್ಬಿನ ನಡುವೆ ಹೊರಚಾಚಿದ ಶಾಫ್ಟಿನ ತುದಿಯಲ್ಲೂ ಎರಡು ಅಳತೆಗಳಿವೆ, ಐದೆಂಟಾಂಶ ಇಂಚು ಮತ್ತು ಮುಕ್ಕಾಲು ಇಂಚು. ಫ್ಯಾನಿನ ನಡುತೂತು ಇದಕ್ಕಿಂತ ದೊಡ್ಡದಾದರೆ ಫ್ಯಾನ್ ಕೇಂದ್ರ ತಪ್ಪಿ ಕೂರುತ್ತದೆ, ಅದರ ನಡುಕ ಬೇರಿಂಗನ್ನು ತಿಂದುಹಾಕುತ್ತದೆ.

ಇದಕ್ಕಿಂತ ಅಪಾಯದ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. 1980ರ ದಶಕದಲ್ಲಿ ಅಗಲವಾದ ಒಂದೇ ಬೆಲ್ಟ್ ಎಲ್ಲ ಪುಲ್ಲಿಗಳನ್ನೂ ಸುತ್ತಿ ಓಡುವ ಪದ್ಧತಿ ಬಂತು. ಹಲವು ಎಂಜಿನ್ನುಗಳಲ್ಲಿ ಆ ಬೆಲ್ಟಿನ ನುಣುಪಾದ ಬೆನ್ನು ವಾಟರ್ ಪಂಪನ್ನು ತಿರುಗಿಸುತ್ತದೆ, ಅಂದರೆ ಪಂಪ್ ಮೊದಲಿನ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತದೆ. ಪಂಪಿನ ಹೊರಮೈ ಹೆಚ್ಚುಕಮ್ಮಿ ಅದೇ, ಒಳಗಿನ ಇಂಪೆಲ್ಲರಿನ ರೆಕ್ಕೆಗಳು ಮಾತ್ರ ಬೇರೆ ಕಡೆಗೆ ಬಾಗಿರುತ್ತವೆ. ಅದಲುಬದಲಾದರೆ ನಿಂತಲ್ಲಿ ಎಲ್ಲ ಚೆನ್ನಾಗಿರುವಂತೆ ಕಂಡು, ಹೆದ್ದಾರಿಯಲ್ಲಿ ವೇಗ ಹಿಡಿದಾಗ ಸೂಜಿ ಕೆಂಪಿಗೆ ಏರುತ್ತದೆ. ಹೊಸ ಪಂಪನ್ನು ತಲೆಕೆಳಗು ಮಾಡಿ ಹಳೆಯದರ ಪಕ್ಕದಲ್ಲಿಟ್ಟು ರೆಕ್ಕೆಯ ಬಾಗು ನೋಡಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ಉಳಿಸಲು ಹೋಗಿ ಹೆಡ್ಡು ಸೊಟ್ಟ ಮಾಡಿಕೊಂಡರೆ ಅದಕ್ಕಿಂತ ದೊಡ್ಡ ದಂಡವಿಲ್ಲ.

ಬ್ರಿಟಿಷ್ ಎಂಜಿನ್ನುಗಳ ಪಂಪಿನಲ್ಲಿ ಕಾಲ ಹೇಳುವ ಒಂದು ಸಣ್ಣ ಗುರುತಿದೆ. ಬಿಎಂಸಿಯ ಹಳೆಯ ಪಂಪುಗಳ ಮೈಮೇಲೆ ಗ್ರೀಸ್ ಹಾಕಲು ಒಂದು ಸ್ಕ್ರೂ ಇರುತ್ತದೆ. ಸ್ವಲ್ಪವೇ ಗ್ರೀಸ್ ಹಾಕಿ, ಗನ್ನಿನಿಂದ ಒತ್ತಬೇಡಿ ಎನ್ನುವುದು ಕೈಪಿಡಿಯ ಎಚ್ಚರಿಕೆ, ಏಕೆಂದರೆ ಒತ್ತಿದ ಗ್ರೀಸ್ ಬೇರಿಂಗ್ ದಾಟಿ ಸೀಲಿನೊಳಕ್ಕೆ ನುಗ್ಗುತ್ತದೆ. ಮುಂದೆ ಬೇರಿಂಗನ್ನು ಗ್ರೀಸ್ ಸಮೇತ ಶಾಶ್ವತವಾಗಿ ಮುಚ್ಚಿದ ಮೇಲೆ ಆ ಸ್ಕ್ರೂ ಮಾಯವಾಯಿತು. ಪಂಪಿನ ಹೊಟ್ಟೆಯ ಕೆಳಗಿನ ಸಣ್ಣ ತೂತನ್ನು ಮಾತ್ರ ಗ್ರೀಸ್ ತೂತೆಂದು ತಪ್ಪು ತಿಳಿಯಬಾರದು. ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ತೊಟ್ಟಿಕ್ಕಲಿ ಎಂದು ಬಿಟ್ಟ ದಾರಿ ಅದು. ಅದರ ಅಂಚಿನಲ್ಲಿ ಬಿಳಿಯ ಅಥವಾ ಹಸಿರು ಬಣ್ಣದ ಹೊಪ್ಪಳಿಕೆ ಕಟ್ಟಿದ್ದರೆ ಪಂಪಿನ ಆಯಸ್ಸು ಮುಗಿಯಿತೆಂದು ತಿಳಿಯಬೇಕು. ಆ ತೂತಿಗೆ ಎಂ-ಸೀಲ್ ಮೆತ್ತಿ ಸೋರಿಕೆ ನಿಲ್ಲಿಸುವುದು ಪಂಪನ್ನು ಕೊಲ್ಲುವ ಉಪಾಯ.

ಥರ್ಮೋಸ್ಟಾಟಿನ ಮಾತಿಗೆ ಬಂದರೆ, ನಮ್ಮ ಕಡೆ ಅದನ್ನು ಕಿತ್ತೆಸೆಯುವ ಹಳೆಯ ರೂಢಿಯನ್ನು ಮೊದಲು ಹೇಳಲೇಬೇಕು. ಬಿಸಿಲ ದೇಶಕ್ಕೆ ಇದೇಕೆ ಬೇಕು ಎನ್ನುವುದು ಅದರ ಹಿಂದಿನ ತರ್ಕ. ಈ ತರ್ಕ ತಪ್ಪು. ಏಕೆ ತಪ್ಪು ಎನ್ನುವುದು ಥರ್ಮೋಸ್ಟಾಟಿನ ಬಗೆಗಳನ್ನು ನೋಡಿದರೆ ತಿಳಿಯುತ್ತದೆ. ಹಳೆಯ ಬಗೆಯದರಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಹಿತ್ತಾಳೆಯ ಡಬ್ಬಿಯಿದ್ದು, ಅದರೊಳಗೆ ಬೇಗ ಆವಿಯಾಗುವ ದ್ರವ ತುಂಬಿರುತ್ತದೆ. ಕಾದಾಗ ಡಬ್ಬಿ ಉದ್ದವಾಗಿ ಬಾಗಿಲು ತೆರೆಯುತ್ತದೆ. ಸುತ್ತಲಿನ ನೀರಿನ ಒತ್ತಡ ಹೆಚ್ಚಿದರೆ ಈ ತಿದಿಯನ್ನು ಅದು ಅದುಮುತ್ತದೆ. ಹಾಗಾಗಿ ಒತ್ತಡದ ಮುಚ್ಚಳಗಳು ಬಲವಾಗುತ್ತ ಹೋದಂತೆ ಈ ಬಗೆ ಹಿಂದೆ ಸರಿದು, ಮೇಣದ ಗುಳಿಗೆಯ ಬಗೆ ಬಂತು. ಸರ್ಜಿಯಸ್ ವರ್ನೆಟ್ 1930ರ ದಶಕದಲ್ಲಿ ರೂಪಿಸಿದ ಈ ಮೇಣದ ಗುಳಿಗೆ ಕರಗಿ ಹಿಗ್ಗುವಾಗ ಸಣ್ಣ ಕಡ್ಡಿಯೊಂದನ್ನು ಬಲವಾಗಿ ದಬ್ಬುತ್ತದೆ, ಒತ್ತಡಕ್ಕೆ ಬಗ್ಗುವುದಿಲ್ಲ. ಕೆಟ್ಟಾಗ ಎರಡರ ವರ್ತನೆಯೂ ಬೇರೆ. ತಿದಿ ಒಡೆದರೆ ಸಾಮಾನ್ಯವಾಗಿ ಬಾಗಿಲು ತೆರೆದೇ ಉಳಿಯುತ್ತದೆ, ಮೇಣದ್ದು ಕೆಟ್ಟರೆ ಹಲವು ಸಲ ಮುಚ್ಚಿಯೇ ಉಳಿಯುತ್ತದೆ.

ಬದಲಿ ತರುವಾಗ ಎಡವುವುದು ತಿದಿಯ ಬಗೆಯಲ್ಲಿರುವ ಒಂದು ಉಪಭಾಗದಲ್ಲಿ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತಲು ಬೈಪಾಸ್ ದಾರಿ ಇರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿಗೆ ಬಳೆಯಂಥ ಒಂದು ಪಟ್ಟಿ ಇದ್ದು, ಬಾಗಿಲು ತೆರೆದಂತೆ ಆ ಪಟ್ಟಿ ಸರಿದು ಬೈಪಾಸ್ ಬಾಯಿಯನ್ನು ಮುಚ್ಚುತ್ತದೆ. ಜಾಗ್ವಾರಿನ ಹಳೆಯ ಎಕ್ಸ್‌ಕೆ ಎಂಜಿನ್ ಇದಕ್ಕೆ ಹೆಸರಾದ ಉದಾಹರಣೆ. ಅಲ್ಲಿ ಪಟ್ಟಿಯಿಲ್ಲದ ಸಾದಾ ಥರ್ಮೋಸ್ಟಾಟ್ ಹಾಕಿದರೆ, ಅಥವಾ ಥರ್ಮೋಸ್ಟಾಟನ್ನೇ ತೆಗೆದುಬಿಟ್ಟರೆ, ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಕಾದ ನೀರಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆ ಮತ್ತೆ ಎಂಜಿನ್ನಿಗೇ ಹೋಗುತ್ತದೆ. ತಂಪಾಗಲಿ ಎಂದು ಕಿತ್ತದ್ದರಿಂದಲೇ ಎಂಜಿನ್ ಕಾಯುವುದು ಹೀಗೆ. ಮಾರಿಸ್ ಮೈನರ್ ಮತ್ತು ಮಿನಿ ಕಾರುಗಳ ‘ಎ-ಸೀರೀಸ್’ ಎಂಜಿನ್ನಿನಲ್ಲಿ ಬೈಪಾಸ್ ಎಂದರೆ ಹೆಡ್ಡಿಗೂ ಪಂಪಿಗೂ ನಡುವಿನ ಹೆಬ್ಬೆರಳುದ್ದದ ರಬ್ಬರ್ ಹೋಸ್. ಮೂಲದ ನೇರ ಹೋಸ್ ಬದಲಿಸಬೇಕಾದರೆ ಪಂಪನ್ನೇ ಬಿಚ್ಚಬೇಕಾಗುತ್ತಿತ್ತು. ಆಮೇಲೆ ಅದುಮಿ ಕೂರಿಸಬಹುದಾದ ಮಡಿಕೆಗಳ ಹೋಸ್ ಬಂತು. ಕೊನೆಕೊನೆಯ ಮಿನಿಗಳಲ್ಲಿ ಈ ಹೋಸೇ ಇಲ್ಲ. ಎ-ಸೀರೀಸ್ ಪಂಪ್ ಕೊಳ್ಳುವವರು ಅದರ ತಲೆಯ ಮೇಲೆ ಆ ಸಣ್ಣ ಮೂತಿ ಇದೆಯೋ ಇಲ್ಲವೋ ಎಂದು ನೋಡುವುದು ಇದೇ ಕಾರಣಕ್ಕೆ.

ಥರ್ಮೋಸ್ಟಾಟಿನ ಮೈಮೇಲೆ ತೆರೆಯುವ ಉಷ್ಣತೆಯನ್ನು ಒತ್ತಿರುತ್ತಾರೆ. ಬ್ರಿಟಿಷ್ ಕಾರುಗಳಲ್ಲಿ 74, 82, 88 ಡಿಗ್ರಿ ಸೆಲ್ಸಿಯಸ್‌ನವು ಸಾಮಾನ್ಯ. ಅಮೆರಿಕದವುಗಳಲ್ಲಿ 160, 180, 195 ಎಂದಿದ್ದರೆ ಬೆಚ್ಚಬೇಕಿಲ್ಲ, ಅದು ಫ್ಯಾರನ್‌ಹೀಟ್. ಸೆಲ್ಸಿಯಸ್‌ನಲ್ಲಿ 71, 82, 91ರ ಹತ್ತಿರ. ಬಿಲ್ಲೆಯ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಗಾಳಿ ಹೊರಹೋಗುವ ದಾರಿ. ಕೂರಿಸುವಾಗ ಅದು ಮೇಲ್ತುದಿಗೆ ಬರಬೇಕು.

ರೇಡಿಯೇಟರಿನಲ್ಲಿ ಗುರುತಿನ ಕೆಲಸ ಎರಡು ಪಟ್ಟು. ಟ್ಯಾಂಕ್ ಒಂದು ಕಾಲದ್ದು, ಒಳಗಿನ ಕೋರ್ ಇನ್ನೊಂದು ಕಾಲದ್ದು ಆಗಿರಬಹುದು. ಹಿತ್ತಾಳೆ ತಾಮ್ರದ ಹಳೆಯ ರೇಡಿಯೇಟರಿನ ಟ್ಯಾಂಕನ್ನು ಬೆಸುಗೆ ಬಿಡಿಸಿ, ಹೊಸ ಕೋರ್ ಕೂರಿಸಿ, ಮತ್ತೆ ಬೆಸೆಯುವುದು ನಮ್ಮ ರೇಡಿಯೇಟರ್ ಕೆಲಸಗಾರರಿಗೆ ನಿತ್ಯದ ಕಾಯಕ. ಟ್ಯಾಂಕಿನ ಮೇಲಿನ ತಗಡು ಚೀಟಿ ಅಪ್ಪಟ ಮೂಲದ್ದಾಗಿದ್ದರೂ ಕೆಳಗಿನ ಕೋರ್ ನಿನ್ನೆ ಹಾಕಿದ್ದಿರಬಹುದು. ಆದ್ದರಿಂದ ಕೋರನ್ನು ಬೇರೆಯಾಗಿಯೇ ನೋಡಬೇಕು. ವಿಲ್‌ಹೆಲ್ಮ್ ಮೇಬ್ಯಾಕ್ ರೂಪಿಸಿದ 1901ರ ಮರ್ಸಿಡಿಸ್ 35 ಎಚ್‌ಪಿ ಕಾರಿನದು ಜೇನುಗೂಡಿನಂಥ ಕೋರ್. ಅದರಲ್ಲಿ 6 ಮಿಲಿಮೀಟರ್ ಚೌಕದ 8,070 ಸಣ್ಣ ಕೊಳವೆಗಳಿದ್ದವು. ಗಾಳಿ ಆ ಕೊಳವೆಗಳೊಳಗಿನಿಂದ ನುಗ್ಗಿದರೆ ನೀರು ಅವುಗಳ ನಡುವಿನ ಸಂದಿಯಲ್ಲಿ ಇಳಿಯುತ್ತಿತ್ತು. ಈಗ ಎಲ್ಲರಿಗೂ ಪರಿಚಿತವಾದ ಬಗೆ ಇದಕ್ಕೆ ತದ್ವಿರುದ್ಧ: ಚಪ್ಪಟೆ ಕೊಳವೆಯೊಳಗೆ ನೀರು, ಹೊರಗಿನ ಫಿನ್ನುಗಳ ನಡುವೆ ಗಾಳಿ. ಮೇಲಿನ ಬಾಯಿಂದ ಟಾರ್ಚ್ ಬಿಟ್ಟರೆ ಕೊಳವೆಗಳ ಸಾಲುಗಳನ್ನು ಎಣಿಸಬಹುದು. ಒಂದೇ ಎಂಜಿನ್ನಿಗೆ ಎರಡು ಸಾಲಿನದೂ ಇರುತ್ತದೆ, ಏರ್ ಕಂಡೀಷನರ್ ಇದ್ದ ಕಾರಿಗೆ ಮೂರು ನಾಲ್ಕು ಸಾಲಿನದೂ ಇರುತ್ತದೆ.

1960ರ ದಶಕದಲ್ಲಿ ಕಾರುಗಳ ಮೂತಿ ತಗ್ಗುತ್ತ ಹೋದಂತೆ ಮೇಲಿನಿಂದ ಕೆಳಕ್ಕೆ ನೀರಿಳಿಯುವ ರೇಡಿಯೇಟರಿನ ಬದಲು ಪಕ್ಕದಿಂದ ಪಕ್ಕಕ್ಕೆ ಹರಿಯುವುದು ಹೆಚ್ಚಾಯಿತು. ಟ್ಯಾಂಕುಗಳು ಎಡಬಲಗಳಲ್ಲಿದ್ದರೆ ಅದೇ. ತಳದ ಅಥವಾ ಪಕ್ಕದ ಟ್ಯಾಂಕಿನಲ್ಲಿ ಬೆರಳುಗಾತ್ರದ ಎರಡು ಹಿತ್ತಾಳೆ ಬಾಯಿಗಳು ಹೆಚ್ಚಿಗೆ ಕಂಡರೆ ಅದು ಆಟೋಮ್ಯಾಟಿಕ್ ಗೇರಿನ ಕಾರಿನದು. ಗೇರ್‌ಬಾಕ್ಸಿನ ಎಣ್ಣೆಯನ್ನು ತಣಿಸುವ ನಾಳ ಒಳಗಿರುತ್ತದೆ. ಕೈಯಿಂದ ಗೇರ್ ಹಾಕುವ ಕಾರಿಗೂ ಅದು ನಡೆಯುತ್ತದೆ, ಆ ಬಾಯಿಗಳು ಖಾಲಿ ಇರುತ್ತವೆ ಅಷ್ಟೇ. ಅತ್ತಿಂದಿತ್ತ ಮಾತ್ರ ನಡೆಯುವುದಿಲ್ಲ.

ಇಡೀ ವ್ಯವಸ್ಥೆಯಲ್ಲಿ ಅಗ್ಗದ ಭಾಗ ರೇಡಿಯೇಟರಿನ ಮುಚ್ಚಳ. ಅತಿ ಹೆಚ್ಚು ತಪ್ಪು ನಡೆಯುವುದೂ ಅಲ್ಲೇ. ಮುಚ್ಚಳದ ಮೇಲೆ 4, 7, 10, 13, 15 ಎಂದು ಒತ್ತಿರುವ ಅಂಕಿ ಅದು ಎಷ್ಟು ಪೌಂಡ್ ಒತ್ತಡವನ್ನು ಹಿಡಿದಿಡುತ್ತದೆ ಎನ್ನುವ ಲೆಕ್ಕ. ಒತ್ತಡ ಏರಿದಂತೆ ನೀರು ತಡವಾಗಿ ಕುದಿಯುತ್ತದೆ. ಸಮುದ್ರ ಮಟ್ಟದಲ್ಲಿ 4 ಪೌಂಡಿನ ಮುಚ್ಚಳದಡಿ ನೀರು ಸುಮಾರು 107 ಡಿಗ್ರಿಯವರೆಗೂ 7ರದರಡಿ 111ರವರೆಗೂ 15ರದರಡಿ 121ರವರೆಗೂ ತಡೆದುಕೊಳ್ಳುತ್ತದೆ. ಎತ್ತರಕ್ಕೆ ಹೋದಂತೆ ಈ ಅಂಚು ಕಿರಿದಾಗುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, 2,240 ಮೀಟರಿನ ಊಟಿಯಲ್ಲಿ 93ಕ್ಕಿಂತ ಮೊದಲೇ. ಘಾಟಿ ಹತ್ತುವ ಹಳೆಯ ಕಾರುಗಳು ತಿರುವಿನಲ್ಲಿ ನಿಂತು ಹೊಗೆಯಾಡುತ್ತಿದ್ದದ್ದಕ್ಕೆ ಏರಿನ ಭಾರ ಒಂದು ಕಾರಣ, ಸೋತ ಮುಚ್ಚಳ ಇನ್ನೊಂದು. ಹಾಗೆಂದು 4 ಪೌಂಡಿನ ಕಾಲದ ರೇಡಿಯೇಟರಿಗೆ 15ರ ಮುಚ್ಚಳ ಹಾಕಿದರೆ ನೀರು ಕುದಿಯುವ ಬದಲು ಬೆಸುಗೆಯೇ ಬಿಡುತ್ತದೆ.

ಅಂಕಿ ಸರಿಯಿದ್ದರೂ ಆಳ ಸರಿಯಿರಬೇಕು. ಬ್ರಿಟಿಷ್ ಕಾರುಗಳಲ್ಲಿ ಮುಚ್ಚಳ ಕೂರುವ ರೇಡಿಯೇಟರ್ ಕತ್ತಿಗೆ ಎರಡು ಆಳಗಳಿವೆ. ಕತ್ತಿನ ಬಾಯಿಗೆ ಅಡ್ಡವಾಗಿ ಸ್ಟೀಲ್ ಸ್ಕೇಲ್ ಇಟ್ಟು, ಅಲ್ಲಿಂದ ಒಳಗೆ ರಬ್ಬರ್ ಕೂರುವ ಮೆಟ್ಟಿಲಿನವರೆಗೆ ವರ್ನಿಯರ್ ಕ್ಯಾಲಿಪರಿನ ಬಾಲ ಇಳಿಸಬೇಕು. ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್ ಬಂದರೆ ಗಿಡ್ಡ ಮುಚ್ಚಳ. ಒಂದು ಇಂಚು, 25 ಮಿಲಿಮೀಟರ್ ಬಂದರೆ ಉದ್ದದ್ದು. ಆಳದ ಕತ್ತಿಗೆ ಗಿಡ್ಡ ಮುಚ್ಚಳ ಹಾಕಿದರೆ ಅದು ಹಿತವಾಗಿ ತಿರುಗಿ ಕೂರುತ್ತದೆ, ಕೈಗೆ ಏನೂ ಅನುಮಾನ ಬರುವುದಿಲ್ಲ. ಒಳಗೆ ರಬ್ಬರು ಮೆಟ್ಟಿಲಿಗೆ ತಾಗಿಯೇ ಇರುವುದಿಲ್ಲ, ಒತ್ತಡ ಸೊನ್ನೆ. ಮೋಟು ಕತ್ತಿಗೆ ಉದ್ದದ್ದು ಹಾಕಹೋದರೆ ಒಂದೋ ಮುಚ್ಚುವುದಿಲ್ಲ, ಇಲ್ಲವೇ ಒತ್ತಿ ಮುಚ್ಚಿದಾಗ ಸ್ಪ್ರಿಂಗ್ ಅತಿಯಾಗಿ ಅದುಮಿಕೊಂಡು ಬರೆದ ಅಂಕಿಗಿಂತ ಹೆಚ್ಚಿನ ಒತ್ತಡ ನಿಲ್ಲುತ್ತದೆ. ರಬ್ಬರಿನ ಸಂಖ್ಯೆಯನ್ನೂ ನೋಡಬೇಕು. ಉಕ್ಕಿದ ನೀರು ರಸ್ತೆಗೆ ಚೆಲ್ಲುವ ಹಳೆಯ ಪದ್ಧತಿಯ ಮುಚ್ಚಳಕ್ಕೆ ಕೆಳಗಿನ ರಬ್ಬರ್ ಒಂದೇ ಸಾಕು. ಉಕ್ಕಿದ್ದನ್ನು ಡಬ್ಬಿಯಲ್ಲಿ ಹಿಡಿದು, ಎಂಜಿನ್ ಆರಿದಾಗ ವಾಪಸ್ ಎಳೆದುಕೊಳ್ಳುವ ಪದ್ಧತಿಗೆ ಮೇಲಂಚಿನಲ್ಲೂ ಇನ್ನೊಂದು ಬೇಕು; ಇಲ್ಲದಿದ್ದರೆ ಅದು ನೀರಿನ ಬದಲು ಗಾಳಿ ಎಳೆಯುತ್ತದೆ. 1961ರ ರೆನೋ 4 ಕಾರು ಇಂಥ ಮುಚ್ಚಿದ ವ್ಯವಸ್ಥೆಯನ್ನು ಸಾಮಾನ್ಯ ಜನರ ಕಾರಿಗೆ ತಂದಿತು.

ಫ್ಯಾನಿನ ವಿಷಯ ಇಷ್ಟು ಜಟಿಲವಲ್ಲ. ತಗಡಿನ ಎರಡು, ನಾಲ್ಕು ರೆಕ್ಕೆಯದು ಹಳೆಯದು. ಪ್ಲಾಸ್ಟಿಕ್ಕಿನ ಹೆಚ್ಚು ರೆಕ್ಕೆಯದು, ನಡುವೆ ದ್ರವ ತುಂಬಿದ ಕ್ಲಚ್ ಇರುವುದು, ವಿದ್ಯುತ್ತಿನದು ಆಮೇಲಿನವು. ಅಂಬಾಸಿಡರ್ ಎಂಜಿನ್ನಿನ ಬಳಗಕ್ಕೇ ಸೇರಿದ 1798 ಸಿಸಿಯ ಎಂಜಿಬಿ ಕಾರಿನಲ್ಲಿ 1977ರ ಮಾಡೆಲ್ಲಿಗೆ ಬೆಲ್ಟಿನ ಫ್ಯಾನ್ ಹೋಗಿ ವಿದ್ಯುತ್ ಫ್ಯಾನ್ ಬಂತು, ರೇಡಿಯೇಟರ್ ಮುಂದಕ್ಕೆ ಸರಿಯಿತು, ಅದರೊಂದಿಗೆ ಹೋಸುಗಳ ಉದ್ದವೂ ಬದಲಾಯಿತು. ತಗಡಿನ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದರೆ ಗಾಳಿ ತಿರುವುಮುರುವಾಗಿ ಬೀಸುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ಗಾಳಿ ಅದೇ ದಿಕ್ಕಿಗೆ ಬೀಸುತ್ತದೆ, ಆದರೆ ರೆಕ್ಕೆಯ ಬಾಗು ಉಲ್ಟಾ ಆದದ್ದರಿಂದ ಬಲ ಕುಂದುತ್ತದೆ.

ನೀರೇ ಇಲ್ಲದ ಎಂಜಿನ್ನಿನಲ್ಲೂ ಇಂಥ ಭೇದಗಳಿವೆ. ಫೋಕ್ಸ್‌ವ್ಯಾಗನ್ ಬೀಟಲ್ ಗಾಳಿಯಿಂದ ತಣಿಯುವ ಕಾರು. ಅದರ ಎಣ್ಣೆ ತಣಿಸುವ ಕೂಲರ್ ಮೊದಲು ಫ್ಯಾನಿನ ಗೂಡಿನೊಳಗೇ ನಿಂತಿದ್ದು, ಅದರ ಕೆಳಗಿದ್ದ 3ನೇ ಸಿಲಿಂಡರಿಗೆ ಕಾದ ಗಾಳಿ ಸಿಗುತ್ತಿತ್ತು. 1971ರ ಮಾಡೆಲ್ಲಿನಿಂದ ಕೂಲರಿಗೆ ನಾಯಿಗೂಡಿನಂಥ ಪ್ರತ್ಯೇಕ ತಗಡಿನ ಮನೆ ಕಟ್ಟಿದರು. ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರೂ ‘ಡಾಗ್‌ಹೌಸ್’ ಎಂದೇ. ಫ್ಯಾನ್ ಅಗಲವಾಯಿತು, ಎಣ್ಣೆಯ ದಾರಿ 8 ಮಿಲಿಮೀಟರಿನಿಂದ 10ಕ್ಕೆ ಏರಿತು. ಹಳೆಯ ಕ್ರ್ಯಾಂಕ್‌ಕೇಸಿಗೆ ಹೊಸ ಕೂಲರ್ ಕೂರಿಸುವವರಿಗೆಂದು ಒಂದು ತುದಿ 8, ಇನ್ನೊಂದು ತುದಿ 10 ಇರುವ ರಬ್ಬರ್ ಸೀಲುಗಳೇ ಬೇರೆ ಸಿಗುತ್ತವೆ.

ಅಳತೆಯಿಂದ ತಿಳಿಯದ್ದನ್ನು ಎರಕದ ಮೇಲಿನ ಅಕ್ಷರ ಹೇಳುತ್ತದೆ. ಜನರಲ್ ಮೋಟರ್ಸ್ ಪಂಪಿನ ಮೇಲೆ ‘ಸಿ 12 8’ ಎಂದಿದ್ದರೆ ಸಿ ಎಂದರೆ ಮೂರನೆಯ ತಿಂಗಳು ಮಾರ್ಚ್, 12ನೇ ತಾರೀಖು, 8ರಲ್ಲಿ ಕೊನೆಗೊಳ್ಳುವ ವರ್ಷ. ಅದು 1958ರೋ 68ರೋ 78ರೋ ಎನ್ನುವುದನ್ನು ಪಂಪಿನ ಆಕಾರ ನೋಡಿ ತೀರ್ಮಾನಿಸಬೇಕು. ಫೋರ್ಡಿನ ಸಂಖ್ಯೆಯಲ್ಲಿ ಮೊದಲ ಅಕ್ಷರ ದಶಕ: ಬಿ ಎಂದರೆ 1950, ಸಿ ಎಂದರೆ 1960, ಡಿ ಎಂದರೆ 1970. ಅದರ ಮುಂದಿನ ಅಂಕಿ ವರ್ಷ. ನಡುವಿನ ಅಂಕಿಗಳು ಭಾಗದ ಜಾತಿ: 8005 ರೇಡಿಯೇಟರ್, 8501 ವಾಟರ್ ಪಂಪ್, 8575 ಥರ್ಮೋಸ್ಟಾಟ್. ‘ಸಿ5’ ಎಂದಿದ್ದರೆ ಆ ಭಾಗದ ವಿನ್ಯಾಸ 1965ರದು ಎಂದರ್ಥ. ಅದೇ ಭಾಗ 1968ರ ಕಾರಿನಲ್ಲಿ ಕಾರ್ಖಾನೆಯಿಂದಲೇ ಬಂದಿರಬಹುದು.

ಬೋಲ್ಟುಗಳೂ ಸಾಕ್ಷಿ ಹೇಳುತ್ತವೆ. ಅಂಬಾಸಿಡರಿನ ಬಿ-ಸೀರೀಸ್‌ಗೆ ಇಂಚಿನ ಅಳತೆ, ಪ್ರೀಮಿಯರ್ ಪದ್ಮಿನಿಗೆ ಮಿಲಿಮೀಟರ್. ಅರ್ಧ ಇಂಚೆಂದರೆ 12.7 ಮಿಲಿಮೀಟರ್, 13ರ ಸ್ಪ್ಯಾನರ್ ಅದಕ್ಕೆ ಕೂತಂತೆ ಕಂಡು, ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಸವರಿಬಿಡುತ್ತದೆ. ಎಂಜಿ ಟಿಸಿ, ಟಿಡಿ ಕಾರುಗಳ ಎಂಜಿನ್ನಿನಲ್ಲಂತೂ ಮರೆ ಮಿಲಿಮೀಟರಿನದು, ಬೋಲ್ಟಿನ ತಲೆ ವಿಟ್‌ವರ್ತ್ ಇಂಚಿನದು. ಮಾರಿಸ್ ಕಂಪನಿ 1923ರಲ್ಲಿ ಕೊವೆಂಟ್ರಿಯಲ್ಲಿದ್ದ ಫ್ರೆಂಚ್ ಹಾಚ್‌ಕಿಸ್ ಕಂಪನಿಯ ಕಾರ್ಖಾನೆಯನ್ನು ಕೊಂಡಾಗ ಅಲ್ಲಿನ ಯಂತ್ರಗಳೊಂದಿಗೆ ಬಂದ ಬಳುವಳಿ ಇದು.

ಎಲ್ಲ ಹೊಂದಿಸಿದ ಮೇಲೆ ಥರ್ಮೋಸ್ಟಾಟ್ ಕೆಲಸ ಮಾಡುತ್ತದೆಯೇ ಎಂದು ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡುವುದು ವಾಡಿಕೆ. ದಾರ ಕಟ್ಟಿ, ತಳಕ್ಕೆ ತಾಗದಂತೆ ಇಳಿಬಿಟ್ಟು, ಪಕ್ಕದಲ್ಲೇ ಉಷ್ಣಮಾಪಕ ಇರಿಸಬೇಕು. ಒತ್ತಿರುವ ಅಂಕಿ ಬಾಗಿಲು ಬಿರಿಯಲು ಶುರುವಾಗುವ ಉಷ್ಣತೆ. ಪೂರ್ತಿ ತೆರೆಯಲು ಅಲ್ಲಿಂದ ಇನ್ನೂ 10ರಿಂದ 15 ಡಿಗ್ರಿ ಬೇಕು. ಹೀಗಾಗಿ 88ರ ಥರ್ಮೋಸ್ಟಾಟ್ ಬೆಂಗಳೂರಿನ ಒಲೆಯ ಮೇಲೆ ಅರ್ಧ ತೆರೆದು ನಿಂತರೆ ಅದು ಕೆಟ್ಟಿದೆ ಎಂದಲ್ಲ. ಅಲ್ಲಿ ನೀರು 97ಕ್ಕೆ ಕುದಿದು ಅಲ್ಲಿಗೇ ನಿಲ್ಲುತ್ತದೆ. ಅದು ಪೂರ್ತಿ ತೆರೆಯುವುದು ಒತ್ತಡದ ಮುಚ್ಚಳವಿರುವ ಎಂಜಿನ್ನಿನೊಳಗೆ ಮಾತ್ರ.